ಟ್ಯುಲಿಪ್ ಹೂವಿನ ಸುಲ್ತಾನನೂ ಹಳೇ ಬಟ್ಟೆ ಮಾರುವ ಹಲೀಲನೂ

ರಾಜರ ಕಾಲದಲ್ಲಿ ನ್ಯಾಯವಿತ್ತು, ಈಗ ಎಲ್ಲವೂ ಕೆಟ್ಟುಹೋಯಿತು ಎಂದು ನಿಟ್ಟುಸಿರು ಬಿಡುವವರು ಇಂದಿಗೂ ಇದ್ದಾರೆ. ಅವರ ಮುಂದೆ ನಾವು ತುರ್ಕಿಯ ಆಟೋಮನ್ ಸುಲ್ತಾನರ ಲೆಕ್ಕವನ್ನು ಬಿಚ್ಚಿಡುತ್ತೇವೆ. ಗಿರಣಿಯಲ್ಲಿ ದುಡಿಯುವವರೂ ಅಂಗಡಿ ಇಟ್ಟು ಬದುಕುವವರೂ ಅದನ್ನು ನೋಡಿ ತೀರ್ಪು ಹೇಳಲಿ.

ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯಲ್ಲಿ 'ನ್ಯಾಯದ ಗೋಪುರ' ಎಂಬ ಗೋಪುರವೇ ಇದೆ. ಅದರ ಬುಡದಲ್ಲಿ ಮಂತ್ರಿಗಳ ಸಭೆ. ಜಾಲರಿ ಕಿಟಕಿಯ ಹಿಂದೆ ಮರೆಯಾಗಿ ಕುಳಿತು ಸುಲ್ತಾನನು ಅದನ್ನು ಆಲಿಸಬಹುದಾಗಿತ್ತು. ರಾಜ್ಯಕ್ಕೆ ಸೈನ್ಯ ಬೇಕು, ಸೈನ್ಯಕ್ಕೆ ಹಣ ಬೇಕು, ಹಣ ಹುಟ್ಟಲು ಪ್ರಜೆ ಬದುಕಬೇಕು, ಪ್ರಜೆ ಬದುಕಲು ನ್ಯಾಯ ಬೇಕು ಎಂದು ಆಸ್ಥಾನದ ಪಂಡಿತರು ಬೋಧಿಸುತ್ತಿದ್ದರು. ಕೇಳಲು ಇಂಪಾಗಿದೆ. ಆದರೆ ಇದರಲ್ಲಿ ಪ್ರಜೆ ಯಾರು? ಕರೆಯುವ ಹಸು. ಹಸು ಸಾಯದಿರಲೆಂದು ಹಾಕುವ ಹಿಡಿ ಹುಲ್ಲಿಗೆ ಅರಮನೆಯವರು ನ್ಯಾಯವೆಂದು ಹೆಸರಿಟ್ಟರು!

ಮೂರನೆಯ ಅಹಮದನು 1703ರಲ್ಲಿ ಪಟ್ಟಕ್ಕೆ ಬಂದನು. 1718ರಲ್ಲಿ ಅವನ ಅಳಿಯ ಇಬ್ರಾಹೀಂ ಪಾಷಾ ಮಹಾಮಂತ್ರಿಯಾದನು. ಮುಂದಿನ ಹನ್ನೆರಡು ವರ್ಷಗಳಿಗೆ ಚರಿತ್ರೆಯಲ್ಲಿ 'ಟ್ಯುಲಿಪ್ ಯುಗ'ವೆಂದೇ ಹೆಸರು. 1722ರಲ್ಲಿ ಕಾಗಿತ್‌ಹಾನೆ ಹೊಳೆಯ ದಂಡೆಯಲ್ಲಿ ಸಾದಾಬಾದ್ ಅರಮನೆ ಎದ್ದಿತು. ಆಸುಪಾಸಿನಲ್ಲಿ ದೊಡ್ಡವರ ವಿಲಾಸ ಮಂದಿರಗಳು ಎದ್ದವು. ಟ್ಯುಲಿಪ್ ಗೆಡ್ಡೆಯ ಬೆಲೆ ಎಷ್ಟು ಏರಿತೆಂದರೆ, ಸರ್ಕಾರವೇ ಹೂವಿನ ಗೆಡ್ಡೆಗೆ ದರಪಟ್ಟಿ ಹೊರಡಿಸಬೇಕಾಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ನಮ್ಮಲ್ಲಿದೆ. ಅಲ್ಲಿ ಹಿಟ್ಟಿಲ್ಲದ ಹೊಟ್ಟೆ ಒಬ್ಬರದು, ಹೂ ಮುಡಿದ ಜುಟ್ಟು ಇನ್ನೊಬ್ಬರದು.

1730ರಲ್ಲಿ ಇರಾನಿನ ಮೇಲೆ ದಂಡೆತ್ತಿ ಹೋಗುವ ನೆಪದಲ್ಲಿ ಕಸುಬುದಾರರಿಂದಲೂ ವರ್ತಕರಿಂದಲೂ ಯುದ್ಧದ ತೆರಿಗೆ ಎತ್ತಿದರು. ದಂಡು ಉಸ್ಕುದಾರಿನಲ್ಲಿ ಡೇರೆ ಹಾಕಿ ಕುಳಿತೇ ಇತ್ತು. ಅತ್ತ ತಬ್ರೀಜ್ ನಗರ ಕೈಬಿಟ್ಟುಹೋಯಿತು. ಸಂಬಳ ಸಾಲದ ಸಿಪಾಯಿಗಳು ಬೀದಿಯಲ್ಲಿ ಸಣ್ಣಪುಟ್ಟ ವ್ಯಾಪಾರ ಮಾಡಿ ಹೊಟ್ಟೆ ಹೊರೆಯುತ್ತಿದ್ದ ಕಾಲವದು. ಸೆಪ್ಟೆಂಬರ್ 28ರಂದು ಹಳೇ ಬಟ್ಟೆ ಮಾರುತ್ತಿದ್ದ ಪತ್ರೋನಾ ಹಲೀಲ್, ಹಣ್ಣು ಮಾರುತ್ತಿದ್ದ ಮುಸ್ಲು ಮತ್ತು ಅವರ ಸಂಗಡಿಗರು ಬಜಾರಿಗೆ ನುಗ್ಗಿ, ಅಂಗಡಿ ಮುಚ್ಚಿರಿ ಎಂದು ಕರೆಕೊಟ್ಟರು. ಬಜಾರು ಮುಚ್ಚಿತು, ಸಿಪಾಯಿಗಳೂ ಕೂಡಿಕೊಂಡರು. ಆಗ ಸುಲ್ತಾನನು ಮಾಡಿದ್ದೇನು? ತನ್ನ ತಲೆ ಉಳಿಸಿಕೊಳ್ಳಲು ಸ್ವಂತ ಅಳಿಯನ ಕತ್ತು ಹಿಸುಕಿಸಿ, ಹೆಣವನ್ನು ದಂಗೆಯವರಿಗೆ ಒಪ್ಪಿಸಿದನು. ಆದರೂ ಪಟ್ಟ ಉಳಿಯಲಿಲ್ಲ. ಸಾದಾಬಾದಿನ ವಿಲಾಸ ಮಂದಿರಗಳು ನೆಲಸಮವಾದವು.

ಮುಂದಿನದೇ ನಮಗೆ ಮುಖ್ಯವಾದ ಮಾತು. ಬಜಾರಿನವರು ಸುಲ್ತಾನನನ್ನು ಇಳಿಸಿದರು. ಅದೇ ಗದ್ದಿಗೆಯ ಮೇಲೆ ಅವನ ಅಣ್ಣನ ಮಗ ಮಹಮೂದನನ್ನು ಕೂರಿಸಿದರು! ಹಲೀಲನು ತನಗೆ ಸಾಲ ಕೊಟ್ಟಿದ್ದ ಯಾನಾಕಿಯೆಂಬ ಕಸಾಯಿಗೆ ಮೊಲ್ಡೇವಿಯಾ ಸಂಸ್ಥಾನದ ಪದವಿಯನ್ನೇ ಕೊಡಿಸಹೊರಟನು. ಗದ್ದಿಗೆಯ ಚಾಳಿ ಗುಡಿಸಲಿಗೂ ಅಂಟಿತು. ನವೆಂಬರಿನಲ್ಲಿ ಅವನನ್ನು ಅರಮನೆಗೆ ಕರೆಸಿ ಕೊಂದುಹಾಕಿದರು. ಖಜಾನೆಯ ಬೀಗದ ಕೈ ಮಾತ್ರ ಇದ್ದಲ್ಲೇ ಇತ್ತು.

ಅದು ಅಲ್ಲೇ ಇದ್ದುದರ ಫಲವೇನು? 1843ರಿಂದ 1856ರವರೆಗೆ ದೋಲ್ಮಾಬಾಚೆ ಅರಮನೆಗೆ ಚಿನ್ನ ಸುರಿದರು. ಅದು ಇನ್ನೂ ಏಳುತ್ತಿದ್ದಾಗಲೇ, 1854ರಲ್ಲಿ, ಯುದ್ಧದ ಖರ್ಚಿಗೆ ಮೊದಲ ವಿದೇಶಿ ಸಾಲ ಎತ್ತಿದರು. 1875ರಲ್ಲಿ ಬಡ್ಡಿ ಕಟ್ಟಲಾರದೆ ಕೈಚೆಲ್ಲಿದರು. 1881ರಲ್ಲಿ ಉಪ್ಪು, ಮೀನು, ರೇಷ್ಮೆಗಳ ಮೇಲಿನ ವರಮಾನವೂ ಸಾಲ ಕೊಟ್ಟ ಯೂರೋಪಿನ ಸಾಹುಕಾರರ ಆಡಳಿತಕ್ಕೆ ಹೋಯಿತು. ಅರಮನೆ ಸುಲ್ತಾನನಿಗೆ, ಸಾಲ ಉಪ್ಪು ತಿನ್ನುವವನಿಗೆ! 1922ರಲ್ಲಿ ಸುಲ್ತಾನ ಪದವಿಯೇ ರದ್ದಾಯಿತು.

ಒಳ್ಳೆಯ ಒಡೆಯ ಬಂದರೆ ನ್ಯಾಯ ಬರುತ್ತದೆ ಎಂಬ ಭ್ರಮೆಯನ್ನು ನಾವು ಬಿಡಬೇಕು. ಒಂದು ದಿನ ಅಂಗಡಿ ಮುಚ್ಚಿದರೆ ಒಡೆಯ ಬದಲಾಗಬಹುದು, ಒಡೆತನ ಬದಲಾಗುವುದಿಲ್ಲ. ಅದಕ್ಕೆ ದಿನದಿನದ ಸಂಘಟನೆ ಬೇಕು, ತೆರಿಗೆ ಕೊಟ್ಟವನಿಗೆ ಕಾಸುಕಾಸಿನ ಲೆಕ್ಕ ಕೇಳುವ ಹಕ್ಕು ಬೇಕು. ಆ ಹಕ್ಕಿಲ್ಲದ ಕಡೆ ನ್ಯಾಯದ ಗೋಪುರ ಎಷ್ಟು ಎತ್ತರವಿದ್ದರೇನು?