ಆಂಡೀಸ್ ಪರ್ವತಗಳಲ್ಲಿ ಪಾದಯಾತ್ರೆ

ನಮ್ಮ ಮನೆಗಳ ತರುಣ ತರುಣಿಯರು ಈಚೆಗೆ ದೂರದೇಶಗಳ ಪರ್ವತಗಳನ್ನು ಕಾಲ್ನಡಿಗೆಯಿಂದ ಸುತ್ತಿ ಬರುವುದುಂಟು. ದಕ್ಷಿಣ ಅಮೆರಿಕಾ ಖಂಡದ ಪೆರು ದೇಶಕ್ಕೆ ಹೋಗಿ, ಇಂಕಾ ಅರಸರ ಕಾಲದ ಮಾಚು ಪಿಚ್ಚುವನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಅವರಲ್ಲಿ ಅನೇಕರಿಗಿದೆ. ಇದು ಶ್ಲಾಘ್ಯವಾದ ಆಸೆಯೇ. ದೇಶಾಟನದಿಂದ ಬುದ್ಧಿಯು ವಿಕಾಸ ಹೊಂದುವುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಂತಹ ಎತ್ತರದ ನಾಡಿಗೆ ಹೋಗತಕ್ಕವರೂ, ಅವರನ್ನು ಕಳುಹಿಸಿಕೊಡುವ ಹಿರಿಯರೂ ಮುಂಚಿತವಾಗಿ ತಿಳಿದಿರಬೇಕಾದ ವಿಷಯವೊಂದಿದೆ. ಈ ತಿಂಗಳು ಅದನ್ನೇ ವಾಚಕರ ಮುಂದಿಡುತ್ತೇವೆ.

ಆಂಡೀಸ್ ಶ್ರೇಣಿಯು ಆ ಖಂಡದ ಪಶ್ಚಿಮದ ಅಂಚಿನುದ್ದಕ್ಕೂ ಸುಮಾರು 7,000 ಕಿಲೋಮೀಟರು ಹಬ್ಬಿದೆ. ಅದರ ಅತ್ಯುನ್ನತ ಶಿಖರವಾದ ಅಕೊಂಕಾಗುವಾ ಸುಮಾರು 6,960 ಮೀಟರು ಎತ್ತರವಾಗಿದೆ. ಶಿಖರಗಳ ಮಾತು ಹಾಗಿರಲಿ. ಅಲ್ಲಿ ಪಟ್ಟಣಗಳೇ ಮುಗಿಲಿಗೆ ಸಮೀಪದಲ್ಲಿವೆ. ನಮ್ಮ ಕರ್ನಾಟಕದ ಅತಿ ಎತ್ತರದ ಬೆಟ್ಟವಾದ ಮುಳ್ಳಯ್ಯನಗಿರಿಯು ಸುಮಾರು 1,930 ಮೀಟರು. ಇಂಕಾ ಅರಸರ ರಾಜಧಾನಿಯಾಗಿದ್ದ ಕುಸ್ಕೊ ನಗರದ ಬೀದಿಗಳಾದರೋ ಸುಮಾರು 3,400 ಮೀಟರು ಎತ್ತರದಲ್ಲಿವೆ. ಸಮುದ್ರತೀರದ ಲಿಮಾ ನಗರದಲ್ಲಿ ಬೆಳಗಿನ ಉಪಾಹಾರವನ್ನು ಮುಗಿಸಿ ವಿಮಾನವೇರಿದವನು ಸುಮಾರು ಒಂದೂವರೆ ಗಂಟೆಯಲ್ಲಿ ಕುಸ್ಕೊವನ್ನು ಸೇರುತ್ತಾನೆ. ವಿಮಾನವು ಶರೀರವನ್ನೇನೋ ಮೇಲಕ್ಕೆ ಮುಟ್ಟಿಸಿತು. ಶರೀರದೊಳಗಣ ರಕ್ತ, ಶ್ವಾಸಗಳ ವ್ಯವಸ್ಥೆಯು ಇನ್ನೂ ಸಮುದ್ರತೀರದಲ್ಲಿಯೇ ಇರುವುದು. ಅಪಾಯದ ಮೂಲವೆಲ್ಲವೂ ಇಲ್ಲಿದೆ.

ಎತ್ತರದಲ್ಲಿ ಗಾಳಿಯೊಳಗೆ ಆಮ್ಲಜನಕದ ಪಾಲು ಕಡಿಮೆಯಾಗುವುದೆಂದು ಕೆಲವರು ಭಾವಿಸುತ್ತಾರೆ. ಅದು ಹಾಗಲ್ಲ. ಅದರ ಪಾಲು ಎಲ್ಲಿಯೂ ನೂರಕ್ಕೆ ಸುಮಾರು 21 ಇದ್ದೇ ಇರುವುದು. ಕುಗ್ಗುವುದು ಗಾಳಿಯ ಒತ್ತಡ. ಕುಸ್ಕೊದಲ್ಲಿ ಅದು ಸಮುದ್ರಮಟ್ಟದಲ್ಲಿರುವುದರ ಮೂರರಲ್ಲಿ ಎರಡು ಪಾಲು ಮಾತ್ರ. 5,500 ಮೀಟರಿನಲ್ಲಿ ಅರ್ಧಕ್ಕೆ ಇಳಿದಿರುತ್ತದೆ. ಆದುದರಿಂದ ಪ್ರತಿಯೊಂದು ಉಸಿರಿಗೂ ಎದೆಗೆ ದೊರೆಯುವ ಆಮ್ಲಜನಕವು ಅಷ್ಟಷ್ಟು ಕಡಿಮೆ. ಗೃಹಿಣಿಯರಿಗೆ ತಿಳಿಯುವ ನಿದರ್ಶನವನ್ನು ಹೇಳುವುದಾದರೆ, ಕುಸ್ಕೊದಲ್ಲಿ ನೀರು 90 ಡಿಗ್ರಿಗೂ ಮೊದಲೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿಟ್ಟ ಬೇಳೆ ಎಷ್ಟು ಹೊತ್ತಾದರೂ ಸುಲಭವಾಗಿ ಬೇಯದು.

ಈ ಬಾಧೆಯು ಹೊಸದಲ್ಲ. ಹೋಸೆ ದೆ ಅಕೋಸ್ತಾ ಎಂಬ ಸ್ಪೇನ್ ದೇಶದ ಪಾದ್ರಿಯು ಪೆರುವಿನ ಪರಿಯಕಾಕಾ ಎಂಬ ಪರ್ವತವನ್ನು ದಾಟುವಾಗ ವಿಪರೀತವಾದ ವಾಂತಿಯಿಂದ ನರಳಿದನು. 1590ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ, ಅಲ್ಲಿಯ ಗಾಳಿಯು ಮನುಷ್ಯನ ಉಸಿರಾಟಕ್ಕೆ ಸಾಲದಷ್ಟು ತೆಳುವೆಂದು ಊಹಿಸಿದನು. ಆ ಊಹೆಯನ್ನು ಪ್ರಯೋಗಗಳಿಂದ ಸ್ಥಿರಪಡಿಸಿದ ಫ್ರಾನ್ಸಿನ ಪಾಲ್ ಬೆರ್ ಎಂಬ ವಿದ್ವಾಂಸನ ಗ್ರಂಥವು 1878ರಲ್ಲಿ ಹೊರಬಿದ್ದಿತು. ಆ ನಾಡಿನವರು ಈ ಬಾಧೆಯನ್ನು ಸೊರೊಚೆ ಎನ್ನುತ್ತಾರೆ. ತಲೆನೋವು, ಓಕರಿಕೆ, ಅನ್ನದ್ವೇಷ, ನಿದ್ರಾಭಂಗ, ಅತಿಯಾದ ಆಯಾಸ — ಇವು ಅದರ ಲಕ್ಷಣಗಳು.

ಯೌವನವೂ ದೇಹಬಲವೂ ಇದಕ್ಕೆ ರಕ್ಷೆಯಲ್ಲವೆಂಬುದನ್ನು ವಾಚಕರು ಮುಖ್ಯವಾಗಿ ಗಮನಿಸಬೇಕು. ಬಲಿಷ್ಠನಾದವನು ಬೇಗ ಬೇಗ ಏರುತ್ತಾನಾದ್ದರಿಂದ ಅವನೇ ಮೊದಲು ಬಾಧೆಗೆ ಗುರಿಯಾಗುವುದೂ ಉಂಟು. ಶರೀರವು ಎತ್ತರಕ್ಕೆ ಒಗ್ಗಿಕೊಳ್ಳಬಲ್ಲುದು. ಆದರೆ ಅದಕ್ಕೆ ಅವಕಾಶ ಬೇಕು. ಉಸಿರಾಟವು ಕೆಲವು ದಿನಗಳಲ್ಲಿ ಹೊಂದಿಕೊಳ್ಳುತ್ತದೆ. ಕೆಂಪು ರಕ್ತಕಣಗಳು ಹೆಚ್ಚುವುದಕ್ಕೆ ವಾರಗಳೇ ಹಿಡಿಯುತ್ತವೆ. ಆದುದರಿಂದ ವೈದ್ಯರು ವಿಧಿಸಿರುವ ಕ್ರಮವು ಹೀಗಿದೆ: 3,000 ಮೀಟರನ್ನು ದಾಟಿದ ಮೇಲೆ ರಾತ್ರಿ ಮಲಗುವ ಸ್ಥಳವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಕೂಡದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಮೇಲೇರದೆ ವಿಶ್ರಮಿಸಬೇಕು. ಪರ್ವತಾರೋಹಣವು ನಿಧಾನದಿಂದ ಸಾಧಿಸತಕ್ಕ ಕಾರ್ಯವೆಂದು ನಮ್ಮ ಹಿರಿಯರು ಎಣಿಸಿದ್ದು ಎಷ್ಟು ಯುಕ್ತವಾಗಿದೆ!

ಪೆರುವಿನಲ್ಲಿ ಈ ಕ್ರಮವನ್ನು ಪಾಲಿಸುವುದು ಕಷ್ಟವೇನೂ ಅಲ್ಲ. ಕುಸ್ಕೊದಲ್ಲಿ ಇಳಿದವರು ಅಲ್ಲಿಯೇ ನಿಲ್ಲದೆ ಉರುಬಂಬಾ ನದಿಯ ಕಣಿವೆಗೆ ಇಳಿದುಬಿಡಬಹುದು; ಅಲ್ಲಿಯ ಒಯಂತಾಯ್ತಂಬೊ ಎಂಬ ಊರು ಸುಮಾರು 2,800 ಮೀಟರು. ಮಾಚು ಪಿಚ್ಚುವಂತೂ ಕುಸ್ಕೊಗಿಂತಲೂ ಕೆಳಗೆ, ಸುಮಾರು 2,430 ಮೀಟರಿನಲ್ಲಿದೆ. ಆದರೆ ಅದಕ್ಕೆ ಹೋಗುವ ನಾಲ್ಕು ದಿನಗಳ ಇಂಕಾ ಕಾಲುದಾರಿಯು ನಡುವೆ ಸುಮಾರು 4,200 ಮೀಟರು ಎತ್ತರದ ಕಣಿವೆಬಾಯಿಯನ್ನು ದಾಟುತ್ತದೆ. ಅದರ ಹೆಸರಿಗೆ ಸತ್ತ ಹೆಂಗಸೆಂದು ಅರ್ಥ. ಬೆಟ್ಟಸಾಲು ಮಲಗಿದ ಸ್ತ್ರೀಯಂತೆ ಕಾಣುವುದರಿಂದ ಆ ಹೆಸರು ಬಂದಿತೆನ್ನುತ್ತಾರೆ, ಹೆದರಬೇಕಾದುದಿಲ್ಲ. ಕೆಳಗೆ ಎರಡು ಮೂರು ದಿನ ಕಳೆದು ಬಂದವರಿಗೆ ಆ ಏರು ಬಹುಮಟ್ಟಿಗೆ ಸುಗಮವಾಗುತ್ತದೆ.

ಅಲ್ಲಿಯ ಜನರು ಕೋಕಾ ಎಲೆಯನ್ನು ಅಗಿಯುವುದೂ ಅದರ ಕಷಾಯವನ್ನು ಕುಡಿಯುವುದೂ ಪುರಾತನ ರೂಢಿ. ಅದು ನಿಧಾನಕ್ಕೆ ಬದಲಾಗಲಾರದು. ಆ ಎಲೆಯನ್ನು ಹಿಂದಿರುಗುವಾಗ ಚೀಲದಲ್ಲಿಟ್ಟು ತರುವುದು ನಮ್ಮ ದೇಶದ 1985ರ ಕಾನೂನಿನಂತೆ ಅಪರಾಧವೆಂಬುದೂ ನೆನಪಿರಲಿ. ಮುಂಜಾಗ್ರತೆಗೆ ಅಸೆಟಜೋಲಮೈಡ್ ಎಂಬ ಮಾತ್ರೆಯುಂಟು. ಅದನ್ನು ವೈದ್ಯರ ಸಲಹೆಯಂತೆಯೇ ಸೇವಿಸತಕ್ಕದ್ದು.

ಇನ್ನು ಅತ್ಯಂತ ಮುಖ್ಯವಾದ ಮಾತು. ತಲೆನೋವಿರುವಾಗ ಮೇಲೇರಕೂಡದು. ಕುಳಿತಿರುವಾಗಲೂ ಏದುಸಿರು ಬರುವುದು, ಕೆಮ್ಮಿನೊಡನೆ ನೊರೆ ಕಾಣುವುದು, ಕುಡಿದವನಂತೆ ಹೆಜ್ಜೆ ತಪ್ಪುವುದು, ಮಾತು ತೊದಲುವುದು — ಇವು ಶ್ವಾಸಕೋಶದಲ್ಲಿ ನೀರು ತುಂಬಿದುದರ, ಇಲ್ಲವೆ ಮಿದುಳು ಬಾತುದುದರ ಚಿಹ್ನೆಗಳು. ಆಗ ಬೆಳಗಾಗಲೆಂದು ಕಾಯದೆ, ರಾತ್ರಿಯಾದರೂ ಜೊತೆಯವರು ಅವನನ್ನು ಕೆಳಗಿಳಿಸಬೇಕು. ಆಮ್ಲಜನಕ, ಔಷಧಿಗಳು ಸಹಾಯಕವಾಗುವುವು. ಕೆಳಗಿಳಿಯುವುದೇ ಮುಖ್ಯ ಚಿಕಿತ್ಸೆ. ತಡಮಾಡಿದರೆ ಪ್ರಾಣಹಾನಿ.

ಹೀಗಿದ್ದರೂ ಜನರು ತಡಮಾಡುವುದೇಕೆ? ಕೊಟ್ಟ ಹಣ ವ್ಯರ್ಥವಾಗುವುದೆಂಬ ವ್ಯಥೆ, ಗೊತ್ತುಪಡಿಸಿದ ದಿನ ಮೀರುವುದೆಂಬ ಆತುರ, ಜೊತೆಗಾರರು ನಕ್ಕಾರೆಂಬ ನಾಚಿಕೆ — ಈ ಮೂರೇ ಕಾರಣ. ಇವಕ್ಕೆ ಪರ್ವತದ ಮೇಲೆ ಔಷಧವಿಲ್ಲ, ಮನೆಯಲ್ಲಿ ಉಂಟು. ಪ್ರಯಾಣದ ದಿನಗಳನ್ನು ಲೆಕ್ಕಹಾಕುವಾಗಲೇ ಎರಡು ಮೂರು ದಿನಗಳನ್ನು ಬಿಡುವಿಗೆಂದು ಕೂಡಿಸುವಂತೆ ಹಿರಿಯರು ಹೇಳಬೇಕು. ಹೊರಡುವ ಮಗನಿಗೋ ಮಗಳಿಗೋ, “ಅರ್ಧದಾರಿಯಿಂದ ಹಿಂದಿರುಗಿ ಬಂದರೂ ನಮಗೆ ಸಂತೋಷವೇ, ಹಣದ ಮಾತನ್ನು ನಾವು ಎತ್ತುವುದಿಲ್ಲ” ಎಂದು ಬಾಯಿಬಿಟ್ಟು ಹೇಳಿ ಕಳುಹಿಸಬೇಕು.

ನಮ್ಮ ಅಡಿಗೆಮನೆಯ ಆಲೂಗೆಡ್ಡೆಯ ತವರು ಆ ಆಂಡೀಸ್ ನಾಡೇ ಆಗಿದೆ. ಅಲ್ಲಿಯ ರೈತರು ಅದನ್ನು ರಾತ್ರಿಯ ಹಿಮಕ್ಕೊಡ್ಡಿ, ಹಗಲು ಕಾಲಿನಿಂದ ತುಳಿದು ನೀರು ತೆಗೆದು, ಬಿಸಿಲಿನಲ್ಲಿ ಒಣಗಿಸಿ, ಚುನ್ಯೊ ಎಂಬ ಪದಾರ್ಥವನ್ನು ಮಾಡುತ್ತಾರೆ. ಅದು ವರ್ಷಗಟ್ಟಲೆ ಕೆಡದು. ಆದರೆ ಅದರ ಸಿದ್ಧತೆಗೆ ಹಲವು ದಿನಗಳೇ ಬೇಕು. ಅಂತಹ ತಾಳ್ಮೆಯಿಂದ ಬಾಳುವ ಜನರ ನಾಡನ್ನು ನೋಡಹೋಗುವ ನಮ್ಮ ಮಕ್ಕಳೂ ಅಲ್ಲಿ ಮೆಲ್ಲಗೆ ನಡೆದು, ಕ್ಷೇಮವಾಗಿ ಮನೆಗೆ ಮರಳಲೆಂದು ಹಾರೈಸುತ್ತೇವೆ.