ಸ್ಕೇಟ್‌ಬೋರ್ಡಿನ ಟ್ರಕ್ಕು: ಹಿರಿಯರಲ್ಲೊಂದು ಅರಿಕೆ

ಸ್ಮರಣ ಸಂಚಿಕೆಗೆ ಆರೋಗ್ಯವನ್ನು ಕುರಿತು ಒಂದು ಲೇಖನ ಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ಮಧುಮೇಹ, ರಕ್ತದೊತ್ತಡಗಳನ್ನು ಬಲ್ಲ ವೈದ್ಯರೇ ನಮ್ಮ ಸದಸ್ಯರಲ್ಲಿರುವಾಗ ನಾನು ಬರೆಯುವುದೇನೆಂದು ಹಿಂಜರಿದೆ. ಆದರೆ ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಪ್ರಸಂಗವು ಮಲ್ಕಾಜ್‌ಗಿರಿಯ ಇತರ ಕನ್ನಡ ಮನೆಗಳಲ್ಲಿ ನಡೆಯದಿರಲೆಂಬ ಆಸೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ರಜೆಗೆಂದು ಬೆಂಗಳೂರಿನಿಂದ ಬಂದಿದ್ದ ಎಂಟು ವರ್ಷದ ಮೊಮ್ಮಗಳಿಗೆ ಸ್ಕೇಟ್‌ಬೋರ್ಡೊಂದನ್ನು ಕೊಡಿಸಿದೆ. ಬಣ್ಣದ ಚಿತ್ರವಿದ್ದ ಹಲಗೆ, ಮಿನುಗುವ ಚಕ್ರಗಳು, ಅಗ್ಗದ ಬೆಲೆ, ಇನ್ನೇನು ನೋಡಬೇಕು? ಅವಳು ಮೇಲೆ ನಿಂತೊಡನೆ ಹಲಗೆ ತುಸು ಅತ್ತಿತ್ತ ವಾಲಿದ್ದನ್ನು ಕಂಡು ನನಗೆ ಭಯವಾಯಿತು. ಮೂವತ್ತು ವರ್ಷ ಲಾಲಾಗುಡದ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನ ಕೈ ಸುಮ್ಮನಿದ್ದೀತೆ? ಕೆಳಗಿನ ಎರಡು ನಟ್ಟುಗಳನ್ನೂ ಇನ್ನು ತಿರುಗದಷ್ಟು ಬಿಗಿದು, “ಈಗ ಅಲುಗುವುದಿಲ್ಲ, ಹೋಗಮ್ಮ” ಎಂದೆ. “ತಾತ, ಇದು ತಿರುಗೋದೇ ಇಲ್ಲ” ಎಂದು ಅವಳು ಎರಡು ಬಾರಿ ಹೇಳಿದಳು. ನಾನು ಕಿವಿಗೊಡಲಿಲ್ಲ. ನೆಟ್ಟಗೆ ಗೇಟಿನತ್ತ ಓಡಿದ ಹಲಗೆಯಿಂದ ಹಾರಿ, ಅಂಗೈಯೂರಿ ಬಿದ್ದಳು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟು ನಾಲ್ಕು ವಾರ ಪ್ಲಾಸ್ಟರಿನಲ್ಲಿ ಕಳೆಯಬೇಕಾಯಿತು. ಮನೆಯವರೆಲ್ಲರೂ ಆಟವನ್ನು ಬೈದರು. ನನ್ನನ್ನು ಯಾರೂ ಬೈಯಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಹಲಗೆಯ ಕೆಳಗೆ ಹಿಂದೊಂದು ಮುಂದೊಂದು ಇರುವ, ಚಕ್ರಗಳನ್ನು ಹೊತ್ತ ಲೋಹದ ಭಾಗಕ್ಕೆ ಟ್ರಕ್ಕು ಎಂದು ಹೆಸರು. ನಾವು ರೈಲಿನ ಡಬ್ಬಿಯನ್ನೇ ಬೋಗಿ ಎಂದು ಕರೆದು ರೂಢಿ. ಕಾರ್ಖಾನೆಯವರಿಗೆ ಬೋಗಿ ಎಂದರೆ ಡಬ್ಬಿಯ ಕೆಳಗೆ ಚಕ್ರಗಳನ್ನು ಹಿಡಿದು, ತಿರುವಿನಲ್ಲಿ ತಾನೂ ತಿರುಗುವ ಚೌಕಟ್ಟು. ಅಮೆರಿಕದ ರೈಲ್ವೆಯವರು ಅದನ್ನೇ ಟ್ರಕ್ಕು ಎನ್ನುತ್ತಾರೆ. ಭಾರವನ್ನು ಒಂದು ಬದಿಗೆ ಹಾಕಿದರೆ ಅದೇ ಬದಿಗೆ ತಿರುಗುವ ಚಕ್ರದ ಪಾದರಕ್ಷೆಯನ್ನು ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ 1863ರಲ್ಲಿ ಮಾಡಿದನು. ಸ್ಕೇಟ್‌ಬೋರ್ಡಿನ ಟ್ರಕ್ಕು ಅದರ ಸಂತಾನ. ಅಚ್ಚು ಓರೆಯಾಗಿ ಕುಳಿತಿರುವುದರಿಂದ ಹಲಗೆ ವಾಲಿದರೆ ಚಕ್ರಗಳು ಆ ಕಡೆಗೆ ತಿರುಗುತ್ತವೆ; ನಡುವಿನ ದಪ್ಪ ಬೋಲ್ಟಿನ ಸುತ್ತ ಇರುವ ಎರಡು ಮೆತ್ತನೆಯ ಬುಷ್‌ಗಳು ಒತ್ತಿಕೊಂಡು ಮತ್ತೆ ಹಲಗೆಯನ್ನು ನೆಟ್ಟಗೆ ತರುತ್ತವೆ. ನಾನು ಅಪಾಯವೆಂದು ಬಗೆದ ವಾಲಾಟವೇ ಅದರ ಚುಕ್ಕಾಣಿ. ಬೋಗಿಯ ನಡುವೆಯೇ ಬದುಕು ಸವೆಸಿದವನಿಗೆ ಇದು ಹೊಳೆಯದೆ ಹೋಯಿತಲ್ಲ!

ಕೊಳ್ಳುವವರು ಮೊದಲು ಅಗಲವನ್ನು ಅಳೆಯಬೇಕು. ಅಚ್ಚಿನ ಒಂದು ತುದಿಯಿಂದ ಮತ್ತೊಂದು ತುದಿಗೆ ಇರುವ ಉದ್ದ, ಹಲಗೆಯ ಅಗಲಕ್ಕೆ ಸಮನಾಗಿರಬೇಕು. ಕಾಲು ಇಂಚಿನ ವ್ಯತ್ಯಾಸವಾದರೆ ಚಿಂತೆಯಿಲ್ಲ. ಏಳೂವರೆ ಇಂಚಿನ ಹಲಗೆಗೆ ಏಳೂವರೆಯ ಅಚ್ಚು, ಎಂಟಕ್ಕೆ ಎಂಟು. ಕಿರಿದಾದರೆ ಅಂಚಿಗೆ ಕಾಲಿಟ್ಟೊಡನೆ ಹಲಗೆ ಮಗುಚುತ್ತದೆ. ಹಿರಿದಾದರೆ ಹೊರಚಾಚಿದ ಚಕ್ರಕ್ಕೆ ಪಾದ ತಾಗುತ್ತದೆ. ಮೀಟರ್‌ಗೇಜಿನ ಬೋಗಿಯನ್ನು ಬ್ರಾಡ್‌ಗೇಜಿನ ಹಳಿಯ ಮೇಲೆ ಯಾರೂ ಇಡುವುದಿಲ್ಲವಷ್ಟೆ. ಟ್ರಕ್ಕಿನ ಮೇಲೆ ಅಚ್ಚೊತ್ತಿರುವ ಸಂಖ್ಯೆ ಒಂದೊಂದು ಕಂಪನಿಯಲ್ಲಿ ಒಂದೊಂದು ಬಗೆ. ಅದನ್ನು ನಂಬದೆ ಅಚ್ಚಿನ ಉದ್ದವೆಷ್ಟೆಂದೇ ಕೇಳಬೇಕು.

ಎರಡನೆಯದು ಬುಷ್. ನನ್ನ ಅನುಭವದಲ್ಲಿ ಇದೇ ಮುಖ್ಯ, ಇದನ್ನೇ ಯಾರೂ ಕೇಳುವುದಿಲ್ಲ. ಅದರ ಗಡಸುತನವನ್ನು 78, 90, 100 ಎಂದು ಮುಂದೆ ‘ಎ’ ಅಕ್ಷರ ಹಚ್ಚಿ ಹೇಳುತ್ತಾರೆ. ಸಂಖ್ಯೆ ಏರಿದಂತೆ ಗಡಸು. ಟ್ರಕ್ಕಿನೊಡನೆ ಬರುವ 90ರ ಆಸುಪಾಸಿನ ಬುಷ್ ಬೆಳೆದವರ ತೂಕಕ್ಕೆ ಒಗ್ಗಿದ್ದು. ಇಪ್ಪತ್ತನಾಲ್ಕು ಕಿಲೋ ತೂಗುವ ಹುಡುಗಿ ಅದನ್ನು ಒತ್ತಿ ಬಾಗಿಸುವುದು ಹೇಗೆ? ಮಕ್ಕಳಿಗೆ 80ರ ಸುತ್ತಿನ ಮೆತ್ತನೆಯದನ್ನು ಬೇರೆಯಾಗಿ ಕೊಳ್ಳಬೇಕು. ಬೆಲೆ ಹೆಚ್ಚಲ್ಲ.

ಎತ್ತರದ ವಿಷಯ ಚಿಕ್ಕದು. ತಗ್ಗು ಟ್ರಕ್ಕಿಗೆ ದೊಡ್ಡ ಚಕ್ರ ಹಾಕಿದರೆ ವಾಲಿದಾಗ ಚಕ್ರ ಹಲಗೆಗೆ ಉಜ್ಜಿ ತಟ್ಟನೆ ನಿಲ್ಲುತ್ತದೆ, ಸವಾರ ಮುಂದಕ್ಕೆ ಹಾರುತ್ತಾನೆ. ಅಂಗಡಿಯಲ್ಲೇ ಒಂದು ಬದಿಯನ್ನು ಪಾದದಿಂದ ಬಲವಾಗಿ ಒತ್ತಿ ನೋಡಿ: ಚಕ್ರಗಳು ಆ ಕಡೆಗೆ ತಿರುಗಬೇಕು, ಹಲಗೆಗೆ ತಾಗಬಾರದು. ಪ್ಲಾಸ್ಟಿಕ್ಕಿನ ಟ್ರಕ್ಕು ಇದ್ದರೆ ಒತ್ತುವ ಶ್ರಮವೂ ಬೇಡ, ಹಾಗೆಯೇ ಹಿಂದಿರುಗಿಸಿ. ನಾನು ಕೊಂಡದ್ದು ಅದೇ.

ನಟ್ಟನ್ನು ವಾಷರ್ ಸಡಿಲವಾಗಿ ಆಡದಷ್ಟು ಬಿಗಿದು, ಬಳಿಕ ಮಗುವಿನ ಮಾತು ಕೇಳಿ ಕಾಲು ಸುತ್ತು ಅತ್ತ ಇತ್ತ ಮಾಡಿದರೆ ಸಾಕು. ಅದರ ಅಳತೆ 9/16 ಇಂಚು. ಮನೆಯ 14ನೇ ನಂಬರಿನ ಸ್ಪ್ಯಾನರ್ ಅದಕ್ಕೆ ಹಿಡಿಯುವುದಿಲ್ಲ.

“ಈ ಆಟವೇ ಬೇಡ” ಎನ್ನುವ ಹಿರಿಯರೊಡನೆ ನನ್ನ ಭಿನ್ನಾಭಿಪ್ರಾಯವಿದೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಹದಿಮೂರರ ಮೊಮಿಜಿ ನಿಶಿಯಾ ಇದರಲ್ಲಿ ಚಿನ್ನ ಗೆದ್ದಳು. ಬೆಂಗಳೂರಿನ ಆತಿತಾ ವರ್ಗೀಸ್ 2015ರಲ್ಲಿ ಹೆಣ್ಣುಮಕ್ಕಳಿಗೆಂದೇ ಗರ್ಲ್ ಸ್ಕೇಟ್ ಇಂಡಿಯಾ ಕಟ್ಟಿದರು. ಸಂಜೆಯಿಡೀ ಮೊಬೈಲು ಹಿಡಿದು ಕೂರುವ ಮಗುವಿಗೆ ಸಮತೋಲ, ಕಾಲಿನ ಬಲ, ಬಿದ್ದು ಏಳುವ ಧೈರ್ಯ ಮತ್ತೆಲ್ಲಿ ಸಿಕ್ಕೀತು? ಆದರೆ ವಯಸ್ಸನ್ನು ನೋಡಬೇಕು. ಐದರ ಒಳಗಿನವರಿಗೆ ಇದು ಸಲ್ಲದು, ಆರರಿಂದ ಹತ್ತರವರು ದೊಡ್ಡವರ ಕಣ್ಣೆದುರೇ ಆಡಬೇಕು ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ತಲೆಗೆ ಹೆಲ್ಮೆಟ್, ಮಣಿಕಟ್ಟಿಗೆ ರಕ್ಷಾಕವಚ ಇರಲೇಬೇಕು. ಬೀಳುವವರು ಮೊದಲು ಊರುವುದು ಅಂಗೈಯನ್ನೇ. ನಮ್ಮ ಮಲ್ಕಾಜ್‌ಗಿರಿಯ ಗಲ್ಲಿಗಳಲ್ಲಿ ಆಟೋ, ಬೈಕು, ಗುಂಡಿಗಳ ನಡುವೆ ಆಡಿಸಬೇಡಿ. ವಾಹನವಿಲ್ಲದ ಕಾಂಕ್ರೀಟ್ ಅಂಗಳ ಸಾಕು.

ರಾಜ್ಯೋತ್ಸವದ ಬಹುಮಾನಗಳ ಬಗ್ಗೆ ಸಂಘಕ್ಕೆ ಒಂದು ಸೂಚನೆ. ಹತ್ತು ಅಗ್ಗದ ಆಟಿಕೆಗಳನ್ನು ಹಂಚುವ ಬದಲು, ಒಳ್ಳೆಯ ಟ್ರಕ್ಕುಗಳಿರುವ ಎರಡು ಹಲಗೆಗಳನ್ನು ಕೊಂಡು ಸಂಘದಲ್ಲೇ ಇಟ್ಟರೆ ಮಕ್ಕಳು ಸರದಿಯಂತೆ ಒಯ್ಯಬಹುದು.

ದಸರೆಗೆ ಮೊಮ್ಮಗಳು ಮತ್ತೆ ಬಂದಿದ್ದಳು. ಅವಳ ತಾಯಿಯನ್ನು ಒಪ್ಪಿಸಲು ಎರಡು ದಿನ ಹಿಡಿಯಿತು. ಹೊಸ ಟ್ರಕ್ಕಿನ ನಟ್ಟನ್ನು ಅವಳೇ ಬಿಗಿದಳು, ನಾನು ಹಲಗೆ ಹಿಡಿದು ನಿಂತಿದ್ದೆ. 9/16ರ ಸ್ಪ್ಯಾನರ್ ನಮ್ಮ ಮನೆಯಲ್ಲಿದೆ; ಬೇಕಾದ ಸದಸ್ಯರು ಯಾವ ಭಾನುವಾರವಾದರೂ ಬಂದು ಒಯ್ಯಬಹುದು.