ನಮ್ಮ ರಕ್ತದ ಲೆಕ್ಕ ಯಾವ ಕಡತದಲ್ಲಿದೆ?

ಅಬಿಡ್ಸಿನ ಗಾಳಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯವರು ಅಳೆಯುತ್ತಾರೆ. ಧೂಳು ಎಷ್ಟು, ಹೊಗೆ ಎಷ್ಟು ಎಂದು ಅಂಕಿ ಬರೆದಿಡುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಜನರಲ್ ಪೋಸ್ಟಾಫೀಸಿನ ಹತ್ತಿರ ದಿನವೆಲ್ಲ ನಿಂತು ಆ ಗಾಳಿಯನ್ನೇ ಕುಡಿಯುವ ಟ್ರಾಫಿಕ್ ಪೊಲೀಸಿನವನ ರಕ್ತದಲ್ಲಿ ಏನಿದೆ? ಭಾನುವಾರ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಹರವಿಕೊಂಡು ಕೂರುವವನ ರಕ್ತದಲ್ಲಿ ಏನಿದೆ? ಆಟೋದಲ್ಲಿ ಒತ್ತಿಕೊಂಡು ಶಾಲೆಗೆ ಹೋಗುವ ನಮ್ಮ ಮಕ್ಕಳ ಮೈಯಲ್ಲಿ ಏನಿದೆ? ಯಾರೋ ಸಂಶೋಧಕರು ಯಾವಾಗಲೋ ಒಮ್ಮೆ ಬಂದು ನೂರಿನ್ನೂರು ಜನರ ರಕ್ತ ತೆಗೆದು ಪ್ರಬಂಧ ಬರೆದಿರಬಹುದು. ವರ್ಷ ವರ್ಷವೂ ತಪ್ಪದೆ ಇಡುವ ಲೆಕ್ಕ ಮಾತ್ರ ಇಲ್ಲ. ಗಾಳಿಗೆ ಮಾಪಕವುಂಟು, ಅದನ್ನು ಉಸಿರಾಡುವ ಮನುಷ್ಯನಿಗಿಲ್ಲ.

ಈ ಲೆಕ್ಕದಿಂದ ಏನು ಪ್ರಯೋಜನ ಎಂದು ಕೇಳುವವರುಂಟು. ಸೀಸದ ಕಥೆ ಕೇಳಿ. ಹಿಂದೆ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಸೀಸ ಮೈಗೆ ಹೋದರೆ ಕ್ಯಾಲ್ಸಿಯಂನ ವೇಷ ಹಾಕಿಕೊಂಡು ಮೂಳೆಯಲ್ಲಿ ಸೇರಿ ವರ್ಷಗಟ್ಟಲೆ ಕೂರುತ್ತದೆ. ಬೆಳೆಯುವ ಮಗುವಿನ ಮಿದುಳನ್ನು ಕೆಡಿಸುತ್ತದೆ. ಅಮೆರಿಕದಲ್ಲಿ 1976ರಿಂದ 1980ರವರೆಗೆ ನಡೆದ ಆರೋಗ್ಯ ಸಮೀಕ್ಷೆಯಲ್ಲಿ ಜನರ ರಕ್ತದ ಸೀಸವನ್ನೂ ಅಳೆದರು. ಆ ನಾಲ್ಕು ವರ್ಷಗಳಲ್ಲಿ ಸರಾಸರಿ ಪ್ರಮಾಣ ಡೆಸಿಲೀಟರಿಗೆ 14.6 ಮೈಕ್ರೋಗ್ರಾಂನಿಂದ 9.2ಕ್ಕೆ ಇಳಿಯಿತು. ಪೆಟ್ರೋಲಿನ ಸೀಸ ಇಳಿದ ಹಾಗೆಲ್ಲ ರಕ್ತದ ಸೀಸವೂ ಇಳಿದಿತ್ತು. ಕಂಪೆನಿಗಳ ವಕೀಲರು ಎಷ್ಟು ವಾದ ಮಾಡಿದರೂ ಅಳಿಸಲಾಗದ ಸಾಕ್ಷಿ ಅದು.

ನಮ್ಮಲ್ಲಿ ಈ ಕೆಲಸಕ್ಕೆ ಮುಂದಾದದ್ದು ಸರ್ಕಾರವಲ್ಲ, ಬೆಂಗಳೂರಿನ ಜಾರ್ಜ್ ಫೌಂಡೇಷನ್ ಎಂಬ ಖಾಸಗಿ ಸಂಸ್ಥೆ. ಅವರು ಬೆಂಗಳೂರು, ಹೈದರಾಬಾದ್ ಮುಂತಾದ ನಗರಗಳಲ್ಲಿ ರಕ್ತ ಪರೀಕ್ಷಿಸಿ 1999ರಲ್ಲಿ ಫಲಿತಾಂಶ ಹೊರಗಿಟ್ಟರು. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ 10 ಮೈಕ್ರೋಗ್ರಾಂ ಮೀರಿತ್ತು. 2000ದಲ್ಲಿ ದೇಶದ ಪೆಟ್ರೋಲ್ ಸೀಸರಹಿತವಾಯಿತು. ಸರಿ, ಆಮೇಲೆ? ಬ್ಯಾಟರಿ ಕರಗಿಸುವ ಒಲೆಗಳಿವೆ, ಹಳೆಯ ಮನೆಗಳ ಬಣ್ಣವಿದೆ, ಕಲಬೆರಕೆ ಅರಿಶಿನವಿದೆ. 2020ರಲ್ಲಿ ಯುನಿಸೆಫ್ ವರದಿ ಬಂದಾಗ, ಭಾರತದಲ್ಲಿ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ಮೀರಿರಬಹುದೆಂದು ಹೇಳಿತು. ಗಮನಿಸಿ, ಅದು ಅಂದಾಜು. ಇಷ್ಟು ದೊಡ್ಡ ದೇಶದ ಮಕ್ಕಳ ಮಿದುಳಿನ ವಿಷಯವನ್ನು ನಾವು ಅಂದಾಜಿಗೆ ಬಿಟ್ಟಿದ್ದೇವೆ!

ಅಮೆರಿಕದ ಮಾತು ಬೇಡವೆನ್ನುವವರು ನಮ್ಮ ಕಾಸರಗೋಡಿಗೇ ಬನ್ನಿ. ಎಣ್ಮಕಜೆ ಪಂಚಾಯಿತಿಯ ಪಡ್ರೆ ಗ್ರಾಮ. ಅಲ್ಲಿನ ಗೇರು ತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಮೀರಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಡಾಕ್ಟರ್ ಮೋಹನ ಕುಮಾರ್ ರೋಗಿಗಳನ್ನು ಕಂಡು ಕೂಗಿ ಹೇಳಿದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. ‘ಪುರಾವೆ ಎಲ್ಲಿ?’ ಎಂದೇ ಉತ್ತರ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಜನರ ರಕ್ತದಲ್ಲಿ ವಿಷವಿದೆ ಎಂದರು. ತೋಟದ ನಿಗಮ ಮಾಡಿಸಿದ ಇನ್ನೊಂದು ಪರೀಕ್ಷೆ ಏನೂ ಇಲ್ಲ ಎಂದಿತು. ಕೊನೆಗೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ ಶಾಲಾ ಹುಡುಗರನ್ನೂ, ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಮೀಂಜದ ಹುಡುಗರನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಸಿಂಪಡಣೆ ನಿಂತು ತಿಂಗಳುಗಳು ಕಳೆದ ಮೇಲೂ ಪಡ್ರೆಯ ಹುಡುಗರ ರಕ್ತದಲ್ಲಿ ಸರಾಸರಿ ನೂರು ಕೋಟಿಗೆ 7.47 ಭಾಗ ವಿಷವಿತ್ತು; ಮೀಂಜದವರಲ್ಲಿ 1.37. ಹುಡುಗರ ಬೆಳವಣಿಗೆಯೂ ಹಿಂದೆ ಬಿದ್ದಿತ್ತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶಾದ್ಯಂತ ಎಂಡೋಸಲ್ಫಾನ್ ನಿಲ್ಲಿಸಿತು. 2017ರಲ್ಲಿ ನೊಂದವರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಲು ಕೇರಳ ಸರ್ಕಾರಕ್ಕೆ ಆಜ್ಞೆ ಮಾಡಿತು. ಬಡವನ ಕಣ್ಣೀರು ಕಡತಕ್ಕೆ ಏರುವುದಿಲ್ಲ. ರಕ್ತದ ವರದಿ ಏರುತ್ತದೆ. ಆದರೆ ಆ ವರದಿ ಇಪ್ಪತ್ತು ವರ್ಷ ಮೊದಲೇ ಬರಬೇಕಿತ್ತಲ್ಲವೇ?

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ಅಬಿಡ್ಸಿನಿಂದ ಬಸ್ಸು ಹತ್ತಿದರೆ ಪಟಾನ್‌ಚೆರು. ಔಷಧಿ ಕಾರ್ಖಾನೆಗಳ ಊರು. ಅಲ್ಲಿನ ಕೊಳೆ ನೀರು ನಕ್ಕವಾಗು ಹಳ್ಳಕ್ಕಿಳಿದು ಮಂಜೀರಾ ಸೇರುತ್ತದೆಂಬ ದೂರು 1990ರಲ್ಲೇ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಮಂಜೀರಾ ಎಂದರೆ ನಮ್ಮ ಬೀದರ್ ಜಿಲ್ಲೆಯನ್ನು ಹಾದು ಬರುವ ಹೊಳೆ, ನಮಗೆ ಪರಕೀಯವಲ್ಲ. 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಸುಮಾರು 90 ಕಾರ್ಖಾನೆಗಳ ನೀರನ್ನು ಶುದ್ಧಿ ಮಾಡುವ ಪಟಾನ್‌ಚೆರು ಸ್ಥಾವರದಿಂದ ಹೊರಬಿದ್ದ ನೀರಿನ ಪರೀಕ್ಷೆ ಪ್ರಕಟಿಸಿದರು. ಶುದ್ಧಿಯಾದ ಆ ನೀರಿನಲ್ಲಿ ಸಿಪ್ರೊಫ್ಲಾಕ್ಸಸಿನ್ ಎಂಬ ಔಷಧಿ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು. ಆ ಮಾತ್ರೆ ನುಂಗುವ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ! ಜಗತ್ತೆಲ್ಲ ಬೆರಗಾಯಿತು. ನೀರನ್ನು ಅಳೆದದ್ದಾಯಿತು. ಹಳ್ಳದ ದಡದಲ್ಲಿ ಭತ್ತ ಬೆಳೆದವನ, ಎಮ್ಮೆ ಮೇಯಿಸಿದವಳ ಮೈಯನ್ನು ವರ್ಷ ವರ್ಷ ಅಳೆದು, ಇಗೋ ನಿನ್ನ ಅಂಕಿ ಎಂದು ಕೈಗೆ ಕೊಡುವ ಏರ್ಪಾಡು ಎಲ್ಲಿ?

ಯಂತ್ರವಿಲ್ಲ, ತಜ್ಞರಿಲ್ಲ ಎಂದು ಹೇಳುವಂತಿಲ್ಲ. ತಾರ್ನಾಕದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. ಅದರ ಹತ್ತಿರವೇ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಇದೆ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಹಣವಿಲ್ಲ ಎಂಬ ವಾದವೂ ಪೊಳ್ಳು. 2016ರಿಂದ 2018ರವರೆಗೆ ಕೇಂದ್ರ ಸರ್ಕಾರವೇ ರಾಷ್ಟ್ರೀಯ ಪೋಷಣಾ ಸಮೀಕ್ಷೆ ನಡೆಸಿ, ಐವತ್ತು ಸಾವಿರಕ್ಕೂ ಹೆಚ್ಚು ಮಕ್ಕಳಿಂದ ರಕ್ತ, ಮೂತ್ರದ ಮಾದರಿ ತೆಗೆಸಿತು. ಕಬ್ಬಿಣ, ಸತು, ವಿಟಮಿನ್‌ಗಳನ್ನೆಲ್ಲ ಅಳೆದರು. ಸೀಸವನ್ನು ಅಳೆಯಲಿಲ್ಲ. ಸೂಜಿ ಚುಚ್ಚಿಯಾಗಿತ್ತು, ಮಗು ಅತ್ತೂ ಆಗಿತ್ತು. ಫಾರಮ್ಮಿನಲ್ಲಿ ಒಂದು ಕಾಲಂ ಹೆಚ್ಚಿಸುವುದು ಮಾತ್ರ ಬಾಕಿ ಇತ್ತು. ಕಡತಗಳ ನಡುವೆಯೇ ಆಯುಷ್ಯ ಸವೆಸುತ್ತಿರುವ ನನ್ನಂಥ ಗುಮಾಸ್ತನಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಯಾವುದಕ್ಕೆ ಕಾಲಂ ಇಲ್ಲವೋ ಅದು ಸರ್ಕಾರದ ಕಣ್ಣಿಗೆ ಇಲ್ಲವೇ ಇಲ್ಲ.

‘ನಮಗೆ ಯೋಗ್ಯತೆಯಿದೆ, ಖಾಸಗಿ ಲ್ಯಾಬಿನಲ್ಲಿ ಮಾಡಿಸಿಕೊಳ್ಳುತ್ತೇವೆ’ ಎಂದು ಕೆಲವರು ಹೇಳಬಹುದು. ಮಾಡಿಸಿಕೊಳ್ಳಿ, ಸ್ವಾಮಿ. ಆದರೆ ಒಂಟಿ ಅಂಕಿಯಿಂದ ತಿಳಿಯುವುದು ಕಡಿಮೆ. ಮೈಯಲ್ಲಿ ರಾಸಾಯನಿಕ ಸಿಕ್ಕ ಮಾತ್ರಕ್ಕೆ ರೋಗವಿದೆಯೆಂದು ಅರ್ಥವಲ್ಲ. ಕೆಲವು ಒಂದೆರಡು ದಿನದಲ್ಲೇ ಮೂತ್ರದಲ್ಲಿ ಹೊರಟುಹೋಗುತ್ತವೆ. ನನ್ನ ಅಂಕಿ ಹೆಚ್ಚೋ ಕಡಿಮೆಯೋ ಎಂದು ಹೇಳಲು ಊರಿನ ಅಂಕಿ ಬೇಕು. ಪಡ್ರೆಗೆ ಮೀಂಜ ಬೇಕಾದದ್ದು ಅದಕ್ಕೇ. ಊರಿನ ಅಂಕಿಯನ್ನು ಸಾರ್ವಜನಿಕ ಸಂಸ್ಥೆಯೇ ಕೊಡಬೇಕು.

ಇನ್ನು ಕೆಲವರು ‘ಗೊತ್ತಾದರೆ ಊರಿಗೇ ಕಳಂಕ, ಹೆಣ್ಣು ಗಂಡು ಸಿಕ್ಕುವುದಿಲ್ಲ’ ಎನ್ನುತ್ತಾರೆ. ಈ ಭಯ ಸುಳ್ಳಲ್ಲ. ಅದಕ್ಕೆ ಮದ್ದು ಹೆಸರನ್ನು ಗುಟ್ಟಾಗಿಡುವುದು. ಅಂಕಿಯನ್ನೇ ಗುಟ್ಟಾಗಿಟ್ಟರೆ ಲಾಭ ಕಾರ್ಖಾನೆಯ ಮಾಲೀಕನಿಗೆ.

ನಮ್ಮ ಸಂಘ ಆರೋಗ್ಯ ಶಿಬಿರದಲ್ಲಿ ಸಕ್ಕರೆ, ರಕ್ತದೊತ್ತಡ ನೋಡಿಸಿ ತೃಪ್ತಿಪಟ್ಟರೆ ಸಾಲದು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಠರಾವು ಮಾಡಿ ಆರೋಗ್ಯ ಮಂತ್ರಾಲಯಕ್ಕೂ ಪೋಷಣಾ ಸಂಸ್ಥೆಗೂ ಮೂರು ಬೇಡಿಕೆ ಕಳಿಸಬೇಕು. ಒಂದು, ಮುಂದಿನ ಪೋಷಣಾ ಸಮೀಕ್ಷೆಯಲ್ಲಿ ಸೀಸದ ಕಾಲಂ ಸೇರಲಿ. ಎರಡು, ಪಟಾನ್‌ಚೆರು ಸುತ್ತಲಿನ ಹಳ್ಳಿಗಳ ಜನರನ್ನೂ, ಹೋಲಿಕೆಗೆ ದೂರದ ಹಳ್ಳಿಯವರನ್ನೂ ನಿಗದಿತ ಕಾಲಕ್ಕೊಮ್ಮೆ ಪರೀಕ್ಷಿಸಲಿ. ಮೂರು, ರಕ್ತ ಕೊಟ್ಟವನಿಗೆ ಅವನ ಫಲಿತಾಂಶ ಅವನ ಭಾಷೆಯಲ್ಲಿ ಬರೆದ ಕಾಗದವಾಗಿ ಸಿಗಲಿ.

ನಾವು ಹೊರಗಿನಿಂದ ಬಂದವರು, ನಮಗೇಕೆ ಊರ ಉಸಾಬರಿ ಎನ್ನಬೇಡಿ. ಇಲ್ಲಿಯ ಗಾಳಿ ನೀರು ನಮ್ಮ ಮಾತೃಭಾಷೆ ಕೇಳಿ ಒಳಗೆ ಬರುವುದಿಲ್ಲ.